ಯಾವ ಕೊಳೆ, ಯಾವ ಜೀವಿಗೆ?

ಕೋಲಾರ ಜಿಲ್ಲೆಗೆ ಸದಾ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಮಾರ್ಕಂಡೇಯ ಇವೆಲ್ಲ ಮಳೆಯನ್ನೇ ನಂಬಿದ ಹೊಳೆಗಳು. ಹಿಂದಿನವರು ಹಳ್ಳಗಳಿಗೆ ಏರಿ ಕಟ್ಟಿ, ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಸಾವಿರಾರು ಕೆರೆಗಳನ್ನು ಹೆಣೆದಿದ್ದರು. ಕೊಳವೆಬಾವಿ ಬಂದಿತು, ಕೆರೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಈಗ ಸಾವಿರ ಅಡಿ ಕೊರೆದರೂ ನೀರು ಸಿಗುವ ಖಾತ್ರಿಯಿಲ್ಲ. ಸಿಕ್ಕ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್. ಇಂಥ ಜಿಲ್ಲೆಗೆ ವರ್ಷದ ಅಷ್ಟೂ ದಿನ ತಪ್ಪದೆ ಸಿಗುವ ನೀರು ಒಂದೇ: ಒಮ್ಮೆ ಬಳಸಿ ಚೆಲ್ಲಿದ ನೀರು. ಆ ಕೊಳೆ ನೀರಿನಲ್ಲೂ ಇಲ್ಲಿ ಮೂರು ಬಗೆಯಿದೆ. ಬೆಂಗಳೂರಿನಲ್ಲಿ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಗಳಲ್ಲಿ ಹರಿದು ಕೋಲಾರದ ಕೆರೆಗಳಿಗೆ ಬರುತ್ತದೆ. ಬಂಗಾರಪೇಟೆಯಂಥ ಪಟ್ಟಣಗಳಲ್ಲಿ ಒಳಚರಂಡಿ ತಲುಪದ ಮನೆಗಳ ಮಲಗುಂಡಿಗಳಿವೆ. ಕೆಜಿಎಫ್‌ನಲ್ಲಿ, ಒಂದು ಶತಮಾನಕ್ಕೂ ಹೆಚ್ಚು ಕಾಲ ಚಿನ್ನ ಸೋಸಿ ಉಳಿದ ಪುಡಿಯನ್ನು ರಾಶಿ ಹಾಕಿದ ಸೈನೈಡ್ ದಿಬ್ಬಗಳಿವೆ. ಮಳೆಯಾದಾಗಲೆಲ್ಲ ಅವುಗಳ ಮೇಲೆ ಹರಿದ ನೀರು ತಗ್ಗಿಗೆ ಇಳಿಯುತ್ತದೆ.

ಈ ಮೂರಕ್ಕೂ ಪರಿಹಾರ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದು ಯಂತ್ರದ ಹೆಸರು, ಇಲ್ಲವೇ ಒಂದು ತಂತ್ರಜ್ಞಾನದ ಹೆಸರು. ಎಂಬಿಬಿಆರ್ ಹಾಕಿ, ಎಸ್‌ಬಿಆರ್ ಹಾಕಿ, ಮೆಂಬ್ರೇನ್ ಹಾಕಿ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಒಳಗೆ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಅದರ ಶಕ್ತಿಗೂ ಮಿತಿಗೂ ಕಾರಣವಾದ ನಿಯಮ ಬಹಳ ಸರಳ. ಸೂಕ್ಷ್ಮಜೀವಿ ಅಣುವನ್ನು ಒಡೆಯಬಲ್ಲದು, ಧಾತುವನ್ನು ಒಡೆಯಲಾರದು. ಸಕ್ಕರೆ, ಕೊಬ್ಬು, ಪ್ರೋಟೀನ್, ಯೂರಿಯಾ, ಸೈನೈಡ್ ಕೂಡ ಅಣುಗಳೇ. ಅವನ್ನು ಬಿಡಿಸಿ ಬೇರೆ ರೂಪಕ್ಕೆ ತರಬಹುದು. ರಂಜಕ, ಆರ್ಸೆನಿಕ್, ಸೀಸ, ಫ್ಲೋರಿನ್ ಧಾತುಗಳು. ಅವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದು, ಇಲ್ಲವಾಗಿಸಲು ಬರುವುದಿಲ್ಲ. ಕೊಳಚೆ ನೀರಿನ ಯಾವ ಯೋಜನೆಯನ್ನಾದರೂ ಈ ನಿಯಮದಿಂದ ಅಳೆಯಬಹುದು. ಹಾಗೆ ಅಳೆದರೆ ಯಂತ್ರ ಯಾವುದು ಎನ್ನುವುದು ಎರಡನೆಯ ಪ್ರಶ್ನೆಯಾಗುತ್ತದೆ. ಯಾವ ಕೊಳೆಯನ್ನು ಜೀವಿಗೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎನ್ನುವುದೇ ಮೊದಲ ಪ್ರಶ್ನೆ.

ಕೊಳೆಯನ್ನು ಜೀವಿಗೆ ಒಪ್ಪಿಸುವ ಆಧುನಿಕ ವಿಧಾನದ ಚರಿತ್ರೆಗೆ ಬೆಂಗಳೂರಿನ ನಂಟೂ ಇದೆ. 1914ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ರಸಾಯನಶಾಸ್ತ್ರಜ್ಞರು ಒಂದು ಪ್ರಬಂಧ ಮಂಡಿಸಿದರು. ಕೊಳಚೆ ನೀರಿಗೆ ಗಾಳಿ ಊದಿದರೆ ಅದು ತಿಳಿಯಾಗುತ್ತದೆ ಎಂಬುದು ಆಗಲೇ ಗೊತ್ತಿತ್ತು, ಆದರೆ ವಾರಗಳೇ ಹಿಡಿಯುತ್ತಿದ್ದವು. ಇವರು ಮಾಡಿದ್ದು ಇಷ್ಟೇ: ತಿಳಿ ನೀರನ್ನು ಬಸಿದು, ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ನೀರು ಹೊಯ್ದು ಮತ್ತೆ ಗಾಳಿ ಕೊಟ್ಟರು. ಪ್ರತಿ ಸಲವೂ ಕೆಸರು ಹೆಚ್ಚಿತು, ಸಮಯ ಇಳಿಯಿತು. ಕೊನೆಗೆ ವಾರಗಳ ಕೆಲಸ ಗಂಟೆಗಳಲ್ಲಿ ಮುಗಿಯತೊಡಗಿತು. ನಿನ್ನೆಯ ಮೊಸರಿನಲ್ಲಿ ಒಂದಿಷ್ಟು ಎತ್ತಿಟ್ಟು ಇವತ್ತಿನ ಹಾಲಿಗೆ ಹೆಪ್ಪು ಹಾಕುವ ಉಪಾಯವೇ ಇದು. ಕ್ರಿಯಾಶೀಲ ಕೆಸರಿನ ಈ ವಿಧಾನಕ್ಕೆ ಬೆನ್ನೆಲುಬಾಗಿ ನಿಂತ ಮಾರ್ಗದರ್ಶಕ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅನ್ವಯಿಕ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಜಗತ್ತಿನ ದೊಡ್ಡ ನಗರಗಳ ಬಹುಪಾಲು ಕೊಳಚೆ ನೀರು ಇಂದಿಗೂ ಈ ವಿಧಾನದಲ್ಲೋ ಇದರ ಮರಿ ವಿಧಾನಗಳಲ್ಲೋ ಶುದ್ಧವಾಗುತ್ತದೆ.

ಆ ಕೆಸರನ್ನು ಹತ್ತಿರದಿಂದ ನೋಡಬೇಕು. ಯಾವುದೇ ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ, ಪ್ರಯೋಗಾಲಯದಲ್ಲಿ ಒಂದು ಲೀಟರ್ ಅಳತೆಯ ಗಾಜಿನ ಸಿಲಿಂಡರ್ ಇರುತ್ತದೆ. ಗಾಳಿ ತೊಟ್ಟಿಯಿಂದ ತಂದ ನೀರನ್ನು ಅದಕ್ಕೆ ತುಂಬಿ ಅಲುಗಾಡಿಸದೆ ಮೂವತ್ತು ನಿಮಿಷ ಬಿಡುತ್ತಾರೆ. ಕೆಸರು ಆರೋಗ್ಯವಾಗಿದ್ದರೆ ಕಂದು ಬಣ್ಣದ ಚೂರುಗಳು ಒಂದಕ್ಕೊಂದು ಅಂಟಿ, ಒಟ್ಟಾಗಿ ಕೆಳಗಿಳಿದು, ಮೇಲೆ ತಿಳಿ ನೀರು ನಿಲ್ಲುತ್ತದೆ. ಕೆಸರಿನ ಮೇಲ್ಮೈ ಎಷ್ಟು ಮಿಲಿಲೀಟರ್ ಗೆರೆಗೆ ಇಳಿದಿದೆ ಎಂದು ಓದಿಕೊಂಡರೆ ಘಟಕದ ನಾಡಿ ಸಿಕ್ಕ ಹಾಗೆ. ಕೆಸರು ಹತ್ತಿಯಂತೆ ಉಬ್ಬಿ ಮೇಲೇ ನಿಂತರೆ ಎಳೆಯಂಥ ಬ್ಯಾಕ್ಟೀರಿಯಾ ಹೆಚ್ಚಾಗಿವೆ, ಗಾಳಿಯೋ ಆಹಾರವೋ ಏರುಪೇರಾಗಿದೆ ಎಂದರ್ಥ. ಅದೇ ಕೆಸರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಗಂಟೆಯಾಕಾರದ ತಲೆಯನ್ನು ತೆಳ್ಳನೆಯ ತೊಟ್ಟಿನ ಮೇಲೆ ಹೊತ್ತ ವೋರ್ಟಿಸೆಲ್ಲಾ ಕಾಣುತ್ತದೆ. ಅದು ಬಿಡಿಯಾಗಿ ಓಡಾಡುವ ಬ್ಯಾಕ್ಟೀರಿಯಾಗಳನ್ನು ಬಾಯಿಗೆ ಸೆಳೆದು ತಿನ್ನುತ್ತದೆ, ಆಗಾಗ ತೊಟ್ಟು ಸ್ಪ್ರಿಂಗಿನಂತೆ ಸುರುಳಿಯಾಗಿ ಮುದುಡುತ್ತದೆ. ಅನುಭವಿ ಆಪರೇಟರ್‌ಗೆ ಅದು ಕಂಡರೆ ಸಮಾಧಾನ. ಅದು ಕಾಣೆಯಾದರೆ ವಿಷದ ನೀರು ಒಳಗೆ ಬಂತೋ ಗಾಳಿ ನಿಂತಿತೋ ಎಂದು ಹುಡುಕಲು ಹೊರಡುತ್ತಾನೆ. ಅಂದರೆ ಎಸ್‌ಟಿಪಿ ಒಂದು ಸಾಕಣೆ ಕೇಂದ್ರ. ಹೊಟ್ಟೆಗೆ ಹಿಟ್ಟು, ಉಸಿರಿಗೆ ಗಾಳಿ, ಬೆಳೆಯಲು ಸಮಯ ಈ ಮೂರರಲ್ಲಿ ಯಾವುದು ತಪ್ಪಿದರೂ ಅಲ್ಲಿ ಕೆಲಸ ನಿಲ್ಲುತ್ತದೆ.

ಈ ಸಾಕಣೆಯಲ್ಲಿ ಸುಲಭವಾಗಿ ತೀರುವ ಬಾಬ್ತು ಇಂಗಾಲ. ಅನ್ನ, ಎಣ್ಣೆ, ಮಲ, ಸೋಪು ಇವುಗಳಲ್ಲಿರುವ ಇಂಗಾಲದ ಒಂದು ಪಾಲನ್ನು ಬ್ಯಾಕ್ಟೀರಿಯಾ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಮಾಡುತ್ತವೆ, ಇನ್ನೊಂದು ಪಾಲಿನಿಂದ ತಮ್ಮ ಮೈ ಬೆಳೆಸುತ್ತವೆ. ಹಸಿ ಕೊಳಚೆ ನೀರಿನಲ್ಲಿ ಲೀಟರ್‌ಗೆ 200ರಿಂದ 300 ಮಿಲಿಗ್ರಾಂ ಇರುವ ಬಿಒಡಿ, ಅಂದರೆ ಅದನ್ನು ಜೀರ್ಣಿಸಲು ಜೀವಿಗಳಿಗೆ ಬೇಕಾಗುವ ಆಮ್ಲಜನಕ, ಒಳ್ಳೆಯ ಘಟಕದಲ್ಲಿ ಹತ್ತಕ್ಕೆ ಇಳಿಯುತ್ತದೆ. ಸಾರಜನಕದ್ದು ಎರಡು ಹೆಜ್ಜೆಯ ಕೆಲಸ. ಮೂತ್ರದಿಂದ ಬಂದ ಅಮೋನಿಯಾವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡಬೇಕು, ಅದಕ್ಕೆ ಪ್ರತಿ ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 4.57 ಗ್ರಾಂ ಆಮ್ಲಜನಕ ಬೇಕು. ಆಮೇಲೆ ಗಾಳಿಯಿಲ್ಲದ ತೊಟ್ಟಿಯಲ್ಲಿ ಇನ್ನೊಂದು ಗುಂಪು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡಬೇಕು. ಮೊದಲ ಗುಂಪಿನದು ನಿಧಾನದ ಬದುಕು. ಕರುಳಿನ ಇ. ಕೊಲೈ ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾಗುತ್ತದೆ, ಅಮೋನಿಯಾ ತಿನ್ನುವವಕ್ಕೆ ಒಂದು ದಿನವೋ ಹೆಚ್ಚೋ ಬೇಕು. ಆದ್ದರಿಂದ ಒಂದು ದಿನದ ವಿಷದ ಹೊಡೆತದಿಂದ ಚೇತರಿಸಿಕೊಳ್ಳಲು ಘಟಕಕ್ಕೆ ವಾರಗಳು ಹಿಡಿಯುತ್ತವೆ. ಈ ಲೋಕದ ಬೆರಗು ಇನ್ನೂ ಮುಗಿದಿಲ್ಲ. ಆಮ್ಲಜನಕವೇ ಇಲ್ಲದೆ ಅಮೋನಿಯಾವನ್ನು ನೇರವಾಗಿ ಅನಿಲವಾಗಿಸುವ ಅನಮಾಕ್ಸ್ ಬ್ಯಾಕ್ಟೀರಿಯಾ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ 1990ರ ದಶಕದಲ್ಲಿ ಬೆಳಕಿಗೆ ಬಂತು. 2002ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ದುಡಿಸಲು ಆರಂಭಿಸಿದರು. ಗಾಳಿ ಊದುವ ವಿದ್ಯುತ್ತೇ ಘಟಕದ ದೊಡ್ಡ ಖರ್ಚಾಗಿರುವಾಗ ಇದು ಸಣ್ಣ ಉಳಿತಾಯವಲ್ಲ.

ಇಂಗಾಲ, ಸಾರಜನಕ ಎರಡಕ್ಕೂ ಗಾಳಿಯ ಬಾಗಿಲಿದೆ. ರಂಜಕಕ್ಕೆ ಆ ಬಾಗಿಲಿಲ್ಲ. ಅದನ್ನು ನೀರಿನಿಂದ ತೆಗೆಯಲು ಇರುವ ಜೈವಿಕ ಉಪಾಯ ಚತುರವಾದದ್ದು. ಕೆಲವು ಬ್ಯಾಕ್ಟೀರಿಯಾಗಳನ್ನು ಮೊದಲು ಗಾಳಿಯಿಲ್ಲದ ತೊಟ್ಟಿಯಲ್ಲಿ, ಆಮೇಲೆ ಗಾಳಿಯಿರುವ ತೊಟ್ಟಿಯಲ್ಲಿ ಓಡಾಡಿಸಿದರೆ ಅವು ಕಷ್ಟಕಾಲಕ್ಕೆಂದು ರಂಜಕವನ್ನು ಅಗತ್ಯಕ್ಕಿಂತ ಹೆಚ್ಚು ಮೈಯಲ್ಲಿ ಕೂಡಿಡುತ್ತವೆ. ಆ ಬ್ಯಾಕ್ಟೀರಿಯಾ ತುಂಬಿದ ಕೆಸರನ್ನು ಹೊರತೆಗೆದರೆ ರಂಜಕವೂ ಹೊರಗೆ. ಆದರೆ ಅದು ಹೋದದ್ದು ಕೆಸರಿಗೆ, ಶೂನ್ಯಕ್ಕಲ್ಲ. ಕೆಸರನ್ನು ಹೊಲಕ್ಕೆ ಗೊಬ್ಬರವಾಗಿ ಒಯ್ದರೆ ಅದು ಸಂಪತ್ತು. ಮಳೆಗಾಲದಲ್ಲಿ ಅದೇ ಕೆಸರು ರಾಜಕಾಲುವೆಗೆ ಜಾರಿದರೆ ಘಟಕ ಕಟ್ಟಿದ್ದೇ ವ್ಯರ್ಥ.

ಈ ನಿಯಮವನ್ನು ಕೋಲಾರದ ನೆಲದಲ್ಲೇ ಪರೀಕ್ಷಿಸಬಹುದು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಘಟಕಗಳಲ್ಲಿ ಎರಡನೇ ಹಂತದವರೆಗೆ, ಅಂದರೆ ಬ್ಯಾಕ್ಟೀರಿಯಾಗಳ ಕೆಲಸ ಮುಗಿಯುವವರೆಗೆ, ಸಂಸ್ಕರಿಸಿದ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರಿನವರೆಗೆ ಕೋಲಾರದ ಕೆರೆಗಳಿಗೆ ಎತ್ತಿ ಹರಿಸುವುದು ಕೆ.ಸಿ. ವ್ಯಾಲಿ ಯೋಜನೆ. ಮನೆಗೆ ಕೊಡುವುದಕ್ಕಲ್ಲ, ಕೆರೆ ತುಂಬಿ ಅಂತರ್ಜಲ ಹೆಚ್ಚಿಸುವುದಕ್ಕೆ. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ಅಲ್ಲಿ ನೊರೆ ಎದ್ದಿತು. ಬಟ್ಟೆ ಸೋಪಿನ ಅಂಶ ಪೂರ್ತಿ ಜೀರ್ಣವಾಗದ ನೀರು ಎತ್ತರದಿಂದ ಧುಮುಕಿದರೆ ನೊರೆಯಾಗುತ್ತದೆ. ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ನಾಡೇ ನೋಡಿದ ದೃಶ್ಯ ಅದು. ನೀರಾವರಿ ಹೋರಾಟಗಾರರು ಹೈಕೋರ್ಟಿಗೆ ಹೋದರು, ಜುಲೈನಲ್ಲಿ ತಡೆ ಬಂತು, ಸೆಪ್ಟೆಂಬರ್‌ನಲ್ಲಿ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆಯಿತು, ಅದೂ ತೆರವಾಗಿ ನೀರು ಹರಿಯಿತು. ಒಂದಾದ ಮೇಲೊಂದು ಕೆರೆ ತುಂಬಿದ ಭಾಗಗಳಲ್ಲಿ ಬತ್ತಿದ ಕೊಳವೆಬಾವಿಗಳಿಗೆ ನೀರು ಮರಳಿದೆ. ಇದನ್ನು ಅಲ್ಲಗಳೆಯುವಂತಿಲ್ಲ. ಯೋಜನೆಯನ್ನು ವಿಷವೆಂದು ಪೂರ್ತಿ ತಳ್ಳಿಹಾಕುವವರು ಈ ಲಾಭಕ್ಕೆ ಉತ್ತರ ಕೊಡಬೇಕಾಗುತ್ತದೆ.

ಆದರೆ ವಿರೋಧಿಗಳ ಪ್ರಶ್ನೆಗೂ ಯೋಜನೆಯ ಬೆಂಬಲಿಗರು ಉತ್ತರ ಕೊಡಬೇಕು. ಎರಡು ಹಂತ ಸಾಲದು, ಮೂರನೇ ಹಂತದ ಸಂಸ್ಕರಣೆ ಬೇಕು ಎನ್ನುವುದು ಅವರ ಬೇಡಿಕೆ. ಧಾತುಗಳ ಲೆಕ್ಕ ಹಾಕಿದರೆ ಅದರಲ್ಲಿ ಹುರುಳಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್‌ನಲ್ಲಿ ಹೇಳಿದ ಮಾನದಂಡದಂತೆ ಕೆರೆಗೆ ಬಿಡುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂಗಿಂತ ಹೆಚ್ಚು ರಂಜಕ ಇರಬಾರದು. ಆ ಮಿತಿಯನ್ನು ನಿಷ್ಠೆಯಿಂದ ಪಾಲಿಸಿದರೂ 440 ದಶಲಕ್ಷ ಲೀಟರ್ ನೀರಿನೊಂದಿಗೆ ದಿನಕ್ಕೆ 440 ಕಿಲೋ, ವರ್ಷಕ್ಕೆ 160 ಟನ್ ರಂಜಕ ಕೆರೆಗಳಿಗೆ ಬರುತ್ತದೆ. ಕೆರೆಯಲ್ಲಿ ಪಾಚಿ ಉಕ್ಕಲು ಲೀಟರ್‌ಗೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ ಸಾಕು. ಹಾಗಾಗಿ ರಂಜಕ ಇಳಿಸುವ ಹಂತ ಆಡಂಬರವಲ್ಲ, ಅಗತ್ಯ. ಅದೇ ಹೊತ್ತಿಗೆ ಮೂರನೇ ಹಂತ ಎಂಬ ಮಾತನ್ನು ಮಂತ್ರ ಮಾಡಿಕೊಳ್ಳಬಾರದು. ಮರಳು ಸೋಸುವಿಕೆ ಮತ್ತು ಕ್ಲೋರಿನ್ ಸೇರಿದರೂ ಮೂರನೇ ಹಂತವೇ. ಅವು ಕಣಗಳನ್ನು, ರೋಗಾಣುಗಳನ್ನು ಕಡಿಮೆ ಮಾಡುತ್ತವೆ, ಕರಗಿದ ಲೋಹ, ಉಪ್ಪುಗಳನ್ನು ಮುಟ್ಟುವುದಿಲ್ಲ. ಲೋಹ ತಡೆಯಬೇಕಾದ ಜಾಗ ಕೊಳವೆಯ ಈ ತುದಿಯಲ್ಲ, ಆ ತುದಿ. ಎಲೆಕ್ಟ್ರೋಪ್ಲೇಟಿಂಗ್, ಬಣ್ಣ, ಬ್ಯಾಟರಿ ಕೆಲಸದ ನೀರು ಮನೆಗಳ ಕೊಳಚೆ ನೀರಿನ ಜತೆ ಸೇರುವ ಮೊದಲೇ ಅದನ್ನು ಬೇರೆ ಮಾಡಬೇಕು. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಬೆಳೆಯುತ್ತಿರುವಾಗ ಈ ಎಚ್ಚರ ಬೆಂಗಳೂರಿಗಷ್ಟೇ ಅಲ್ಲ, ಕೋಲಾರಕ್ಕೂ ಬೇಕು.

ಕೆರೆಗಳ ಸರಪಣಿಯೇ ನೀರನ್ನು ಶುದ್ಧ ಮಾಡುತ್ತದಲ್ಲ, ಇಷ್ಟೆಲ್ಲ ಚಿಂತೆ ಏಕೆ ಎನ್ನುವವರೂ ಇದ್ದಾರೆ. ಅರ್ಧ ನಿಜ. ಒಂದು ಕೆರೆಯಿಂದ ಇನ್ನೊಂದಕ್ಕೆ ಇಳಿಯುವಾಗ ಉಳಿದ ಸಾವಯವ ಕೊಳೆ ಜೀರ್ಣವಾಗುತ್ತದೆ, ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ, ಪಾಚಿ ಬಿಡುವ ಆಮ್ಲಜನಕ ಕೆರೆಯ ಬ್ಯಾಕ್ಟೀರಿಯಾಗಳಿಗೆ ಒದಗುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಎಸ್‌ಟಿಪಿಯಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಎರಡೂ ಕೂಡಿ ಮಾಡುವ ಕೆಲಸ ಒಂದರಿಂದಲೇ ಆಗದು ಎನ್ನುವುದಕ್ಕೆ ಅದು ಒಳ್ಳೆಯ ಮಾದರಿ. ಆದರೆ ಜೊಂಡು ಹೀರಿದ ರಂಜಕ ಜೊಂಡಿನಲ್ಲೇ ಇರುತ್ತದೆ. ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕಿದರೆ ಅದು ಕೆರೆಯಿಂದ ಹೊರಬಿತ್ತು. ಕೊಯ್ಯದೆ ಬಿಟ್ಟರೆ ಗಿಡ ಸತ್ತು ಕೊಳೆತು, ಹೀರಿದ್ದೆಲ್ಲ ನೀರಿಗೆ ಮರಳುತ್ತದೆ. ಹೂಳೆತ್ತುವುದು, ಜಲಕಳೆ ಕೊಯ್ಯುವುದು, ಮೀನು ಹಿಡಿಯುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕೊಳಚೆ ನೀರಿನ ಕೆರೆಗೆ ಅವು ಶುದ್ಧೀಕರಣದ ಕೊನೆಯ ಹಂತಗಳೇ ಆಗುತ್ತವೆ. ಇನ್ನೊಂದು ಎಚ್ಚರವೂ ಬೇಕು. ಕೋಲಾರದ ಸುತ್ತಲಿನ ಕೆರೆಗಳ ನೀರು ಕೊನೆಗೆ ಪಾಲಾರ್ ಸೇರುತ್ತದೆ, ಪಾಲಾರ್‌ಗೆ ಕಟ್ಟಿದ ಬೇತಮಂಗಲ ಕೆರೆ ದಶಕಗಳ ಕಾಲ ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟ ಕೆರೆ. ಅಂತರ್ಜಲಕ್ಕೆ ಸಲ್ಲುವ ನೀರು, ಹಿಪ್ಪುನೇರಳೆಗೆ ಸಲ್ಲುವ ನೀರು, ಹಸಿಯಾಗಿ ತಿನ್ನುವ ಸೊಪ್ಪಿಗೆ ಸಲ್ಲುವ ನೀರು, ಕುಡಿಯಲು ಸಲ್ಲುವ ನೀರು ನಾಲ್ಕೂ ಬೇರೆ ಬೇರೆ. ಇವನ್ನು ಒಂದೇ ಎಂದು ನಂಬಿಸುವ ಮಾತು ಯಾರ ಬಾಯಿಂದ ಬಂದರೂ ಒಪ್ಪಬಾರದು.

ಈಗ ಕೆಜಿಎಫ್‌ಗೆ ಬರೋಣ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅದಿರನ್ನು ಹಿಟ್ಟಿನಂತೆ ಅರೆದು ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಈ ದಿಬ್ಬಗಳು, ಅಂದಾಜು 3.3 ಕೋಟಿ ಟನ್. ಸೈನೈಡ್ ಎಂದೊಡನೆ ಜೀವಿಯ ಮಾತೇ ಬೇಡ ಎನಿಸುತ್ತದೆ. ಆದರೆ ಸೈನೈಡ್ ಎಂದರೆ ಒಂದು ಇಂಗಾಲ, ಒಂದು ಸಾರಜನಕ, ಎರಡರ ನಡುವಿನ ಬಿಗಿಯಾದ ಬಂಧ, ಅಷ್ಟೆ. ಅಮೆರಿಕದ ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ಚಿನ್ನದ ಗಣಿಯವರು 1984ರಲ್ಲಿ ತಮ್ಮ ಸೈನೈಡ್ ನೀರನ್ನು ಬ್ಯಾಕ್ಟೀರಿಯಾಗಳಿಗೇ ಒಪ್ಪಿಸಿದರು. ಅರ್ಧ ನೀರಿನಲ್ಲಿ ಮುಳುಗಿ ನಿಧಾನವಾಗಿ ತಿರುಗುವ ದೊಡ್ಡ ತಟ್ಟೆಗಳ ಸಾಲು. ತಟ್ಟೆಗಳ ಮೈಗೆ ಅಂಟಿ ಬೆಳೆದ ಬ್ಯಾಕ್ಟೀರಿಯಾದ ಲೋಳೆ. ಗಣಿಯ ಕೊಳೆ ನೀರಿನಲ್ಲೇ ಬದುಕಲು ಕಲಿತಿದ್ದ ಸ್ಯೂಡೋಮೋನಾಸ್ ಜಾತಿಯ ಬ್ಯಾಕ್ಟೀರಿಯಾ ಸೈನೈಡನ್ನು ಒಡೆದು ಕಾರ್ಬೋನೇಟ್ ಮತ್ತು ಅಮೋನಿಯಾ ಮಾಡಿದವು. ಮುಂದಿನ ಸಾಲಿನ ತಟ್ಟೆಗಳಲ್ಲಿ ಅಮೋನಿಯಾ ನೈಟ್ರೇಟ್ ಆಯಿತು. ಆ ನೀರು ಹರಿದ ತೊರೆಯಲ್ಲಿ ಟ್ರೌಟ್ ಮೀನುಗಳು ಮತ್ತೆ ಬದುಕಿದವು. ವಿಷವೆಂದು ಹೆಸರಾದ ವಸ್ತುವೂ ಅಣುವಾಗಿದ್ದರೆ ಜೀವಿಯ ಹಲ್ಲಿಗೆ ಸಿಗಬಹುದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಡ.

ಹಾಗಾದರೆ ಅದೇ ತಟ್ಟೆಗಳನ್ನು ಕೆಜಿಎಫ್‌ಗೆ ತಂದರೆ ಮುಗಿಯಿತೇ? ಇಲ್ಲ. ಹೋಮ್‌ಸ್ಟೇಕ್‌ನದು ನಡೆಯುತ್ತಿದ್ದ ಗಣಿಯ ತಾಜಾ ಸೈನೈಡ್ ನೀರು. ಕೆಜಿಎಫ್‌ನ ದಿಬ್ಬಗಳು ದಶಕಗಳಿಂದ ಬಿಸಿಲು, ಗಾಳಿ, ಮಳೆಗೆ ಮೈಯೊಡ್ಡಿ ಬಿದ್ದಿವೆ. ಬಿಡಿ ಸೈನೈಡ್ ಇಂಥ ಸ್ಥಿತಿಯಲ್ಲಿ ಬಹುಕಾಲ ಉಳಿಯುವುದಿಲ್ಲ. ಒಂದಿಷ್ಟು ಅನಿಲವಾಗಿ ಹಾರುತ್ತದೆ, ಒಂದಿಷ್ಟನ್ನು ಬಿಸಿಲೂ ಮಣ್ಣಿನ ಜೀವಿಗಳೂ ಒಡೆಯುತ್ತವೆ, ಕಬ್ಬಿಣದೊಂದಿಗೆ ಗಟ್ಟಿಯಾಗಿ ಬೆಸೆದುಕೊಂಡ ಪಾಲು ಮಾತ್ರ ನಿಲ್ಲುತ್ತದೆ. ಉಳಿಯುವುದು ಧಾತುಗಳು. ಗಂಧಕ ಬೆರೆತ ಖನಿಜಗಳ ಪುಡಿ, ಅದರೊಳಗಿನ ಲೋಹಗಳು, ಕೆಲವು ಅದಿರಿನ ಜತೆ ಬಂದ ಆರ್ಸೆನಿಕ್, ಗಾಳಿ ಎದ್ದಾಗ ಊರಿನ ಮೇಲೆ ಬೀಳುವ ಸಣ್ಣ ಧೂಳು. ಇವುಗಳಿಗೆ ಯಾವ ಬ್ಯಾಕ್ಟೀರಿಯಾದ ಬಳಿಯೂ ಅಂತಿಮ ಉತ್ತರವಿಲ್ಲ. ಸಲ್ಫೇಟನ್ನು ಸಲ್ಫೈಡ್ ಮಾಡುವ ಬ್ಯಾಕ್ಟೀರಿಯಾಗಳ ನೆರವಿನಿಂದ ಬಸಿ ನೀರಿನ ಲೋಹಗಳನ್ನು ಕರಗದ ರೂಪಕ್ಕೆ ತಂದು ಕೆಳಗೆ ಕೂರಿಸಬಹುದು. ದಿಬ್ಬದ ಮೇಲೆ ಗಿಡ ಬೆಳೆಸಿ ಧೂಳು ತಡೆಯಬಹುದು. ಆದರೆ ಕೂರಿಸಿದ್ದನ್ನು ಕಾಯುವ ಹೊಣೆ ಮನುಷ್ಯರದೇ. 13 ದಿಬ್ಬಗಳನ್ನು ಹರಾಜಿಗಿಟ್ಟು ಅಳಿದುಳಿದ ಚಿನ್ನ ತೆಗೆಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಮತ್ತೆ ಸೈನೈಡಿನಲ್ಲೇ ನಡೆಯುವುದಾದರೆ, ಆ ತಾಜಾ ನೀರಿಗೆ ಹೋಮ್‌ಸ್ಟೇಕ್ ಪಾಠ ಪೂರ್ತಿ ಅನ್ವಯಿಸುತ್ತದೆ. ಎರಡನೇ ಸಲ ಸೋಸಿದ ಪುಡಿ ಎಲ್ಲಿ, ಯಾವ ಹೊದಿಕೆಯ ಕೆಳಗೆ ಇರುತ್ತದೆ ಎಂಬ ಪ್ರಶ್ನೆಗೆ ಅನ್ವಯಿಸುವುದಿಲ್ಲ.

ಉಳಿದದ್ದು ಮಲಗುಂಡಿಗಳ ಕೊಳೆ. ಅದರ ಚರಿತ್ರೆ ಇಲ್ಲಿ ನಾಚಿಕೆಯ ಚರಿತ್ರೆಯೂ ಹೌದು. ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ತರಿಸಿಕೊಂಡ ಗಣಿ ಊರು ಕೆಜಿಎಫ್. ಮನುಷ್ಯರನ್ನು ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಇಳಿಸಿ ಮೇಲೆತ್ತುವ ಎಂಜಿನಿಯರಿಂಗ್ ಅಲ್ಲಿತ್ತು. ಅದೇ ಊರಿನ ಒಣ ಶೌಚಾಲಯಗಳ ಮಲವನ್ನು ಮಾತ್ರ ಒಂದು ಜಾತಿಯ ಜನ ಕೈಯಿಂದ ಬಾಚಿ ಬಕೆಟ್‌ಗಳಲ್ಲಿ ಹೊತ್ತರು. ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ 1966ರಲ್ಲಿ ಹುಟ್ಟಿದ್ದು ಇಲ್ಲಿನ ಅಂಥದೊಂದು ಕುಟುಂಬದಲ್ಲಿ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಹೊರುವ ಪದ್ಧತಿಯನ್ನು 1993ರ ಕಾಯಿದೆ ನಿಷೇಧಿಸಿತು, 2013ರ ಕಾಯಿದೆ ಅದನ್ನು ಇನ್ನಷ್ಟು ಬಿಗಿ ಮಾಡಿತು. ಬ್ಯಾಕ್ಟೀರಿಯಾ ಮಾಡಬೇಕಾದ ಕೆಲಸವನ್ನು ಮನುಷ್ಯನಿಂದ ಮಾಡಿಸಿದ್ದೇ ಈ ಕ್ರೌರ್ಯದ ತಿರುಳು. ಒಳಚರಂಡಿ ಇಲ್ಲದ ಕಡೆ ಗುಂಡಿ ತುಂಬಿದಾಗ ಇಂದಿಗೂ ಅದೇ ಅಪಾಯ ತಲೆಯೆತ್ತುತ್ತದೆ. ಸಕ್ಕಿಂಗ್ ಯಂತ್ರದ ಟ್ಯಾಂಕರ್ ಬಂದು ಮಲದ ಕೆಸರು ಎಳೆದುಕೊಂಡು ಹೋದರೂ, ಅದನ್ನು ಸುರಿಯಲು ಒಂದು ಜಾಗವಿಲ್ಲದಿದ್ದರೆ ಊರಾಚೆಯ ಹಳ್ಳವೇ ಗತಿ.

ಬಂಗಾರಪೇಟೆಯ ಗಾತ್ರದ ಊರಿಗೆ ಏನು ಸಲ್ಲುತ್ತದೆ? 2011ರ ಜನಗಣತಿಯಲ್ಲಿ ಅಲ್ಲಿ ಸುಮಾರು 45 ಸಾವಿರ ಜನ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗಿ ಹೊರಬರುತ್ತದೆ ಎಂಬ ಸರ್ಕಾರಿ ಲೆಕ್ಕ ಹಿಡಿದರೆ ದಿನಕ್ಕೆ ಐದು ದಶಲಕ್ಷ ಲೀಟರ್‌ಗೆ ಹತ್ತಿರ. ಮಾರ್ಕಂಡೇಯ ಹೊಳೆಯ ಯರಗೋಳ್ ಅಣೆಕಟ್ಟೆಯಿಂದ ಕುಡಿಯುವ ನೀರು ಹೆಚ್ಚು ಬಂದಷ್ಟೂ ಕೊಳಚೆಯೂ ಹೆಚ್ಚುತ್ತದೆ. ನಲ್ಲಿಯ ಯೋಜನೆ ಮಾಡುವವರು ಚರಂಡಿಯ ಯೋಜನೆಯನ್ನೂ ಅದೇ ದಿನ ಮಾಡಬೇಕು. ಇಡೀ ಊರಿಗೆ ಒಳಚರಂಡಿ ಮುಗಿಯುವವರೆಗೆ ಗುಂಡಿಗಳ ಕೆಸರಿಗೆ ದೇವನಹಳ್ಳಿಯ ದಾರಿ ಇದೆ. 2011ರಲ್ಲಿ 28 ಸಾವಿರ ಜನರಿದ್ದ ಆ ಪುರಸಭೆಯಲ್ಲಿ 2015ರಲ್ಲಿ, ಪಟ್ಟಣಕ್ಕೆಂದೇ ದೇಶದಲ್ಲಿ ಮೊದಲ ಮಲದ ಕೆಸರಿನ ಸಂಸ್ಕರಣಾ ಘಟಕ ಶುರುವಾಯಿತು. ದಿನಕ್ಕೆ ಆರು ಸಾವಿರ ಲೀಟರ್ ಸಾಮರ್ಥ್ಯ. ಟ್ಯಾಂಕರ್ ತಂದ ಕೆಸರು ಇಳಿಜಾರಿನಲ್ಲೇ ಹರಿದು, ಗಾಳಿಯಿಲ್ಲದ ತೊಟ್ಟಿಗಳಲ್ಲಿ ಹುದುಗಿ, ಒಣಗುವ ಮಡಿಗಳಿಗೆ ಬಂದು ಒಣಗುತ್ತದೆ. ಊರಿನ ಹಸಿ ಕಸದೊಂದಿಗೆ ಬೆರೆತು ಗೊಬ್ಬರವಾಗುತ್ತದೆ. ಹುದುಗುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಡ, ಆದ್ದರಿಂದ ಬ್ಲೋವರ್ ಬೇಡ, ಕರೆಂಟು ಹೋದರೆ ಘಟಕ ಸಾಯುವುದಿಲ್ಲ. ಮನೆಗಳ ಮಲ ಮಾತ್ರ ಬರುವ ಕಡೆ ಲೋಹದ ಭಯ ಕಡಿಮೆ. ರಂಜಕ ನೇರವಾಗಿ ಹೊಲಕ್ಕೆ ಮರಳುತ್ತದೆ.

ಇದೆಲ್ಲ ಹಳೆಯ ಕಾಲದ ನಿಧಾನದ ದಾರಿ, ಹೊಸ ತಂತ್ರಜ್ಞಾನ ಇರುವಾಗ ಜೊಂಡು, ಮಡಿ ಎನ್ನುತ್ತ ಕೂರುವುದೇಕೆ ಎಂಬ ಆಕ್ಷೇಪ ಬರುತ್ತದೆ. ಹೊಸ ತಂತ್ರಜ್ಞಾನವನ್ನು ಹಗುರವಾಗಿ ಕಾಣುವಂತಿಲ್ಲ. ಎಂಬಿಬಿಆರ್ ತೊಟ್ಟಿಯಲ್ಲಿ ತೇಲಾಡುವ ಸಣ್ಣ ಪ್ಲಾಸ್ಟಿಕ್ ಚಕ್ರಗಳು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳಲು ಮೈ ಕೊಡುತ್ತವೆ, ಸಣ್ಣ ಜಾಗದಲ್ಲಿ ದೊಡ್ಡ ಹಿಂಡು ಸಾಕಬಹುದು. ಎಸ್‌ಬಿಆರ್‌ನಲ್ಲಿ ತುಂಬುವುದು, ಗಾಳಿ, ತಿಳಿಯಾಗುವುದು, ಬಸಿಯುವುದು ಎಲ್ಲ ಒಂದೇ ತೊಟ್ಟಿಯಲ್ಲಿ ಸರದಿಯಂತೆ ನಡೆಯುತ್ತವೆ. ಅದು ಆರ್ಡರ್ನ್ ಮತ್ತು ಲಾಕೆಟ್ ಮಾಡಿದ್ದೇ, ಈಗ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಮೆಂಬ್ರೇನಿನ ರಂಧ್ರಗಳು ಬ್ಯಾಕ್ಟೀರಿಯಾಕ್ಕಿಂತ ಸಣ್ಣವು. ಕಬ್ಬನ್ ಪಾರ್ಕಿನ ಗಿಡಗಳಿಗೆ ನೀರು ಕೊಡುವ ಘಟಕದಲ್ಲಿ ಇದೇ ಇದೆ. ಆದರೆ ಇವೆಲ್ಲ ಅದೇ ಬ್ಯಾಕ್ಟೀರಿಯಾಗಳಿಗೆ ಕಟ್ಟಿದ ಹೊಸ ಮನೆಗಳು. ಮನೆ ಬದಲಾದರೆ ಜಾಗ ಉಳಿಯುತ್ತದೆ, ವೇಗ ಹೆಚ್ಚುತ್ತದೆ. ಧಾತುವಿನ ಲೆಕ್ಕ ಬದಲಾಗುವುದಿಲ್ಲ. ಮೇಲಾಗಿ ಮನೆ ನವಿರಾದಷ್ಟೂ ಕಾವಲು ಹೆಚ್ಚು ಬೇಕು. ಮೆಂಬ್ರೇನ್ ಕಟ್ಟಿಕೊಳ್ಳುತ್ತದೆ, ತೊಳೆಯಬೇಕು, ಬದಲಿಸಬೇಕು. ಗಂಟೆಗಟ್ಟಲೆ ಕರೆಂಟು ಹೋದರೆ ಗಾಳಿ ನಿಂತು ಕೆಸರು ಉಸಿರುಗಟ್ಟುತ್ತದೆ. ಜಾಗಕ್ಕೆ ಬೆಲೆಯಿರುವ ಬೆಂಗಳೂರಿಗೆ ಇವು ಸರಿ. ಜಾಗವಿದ್ದು ತಂತ್ರಜ್ಞರು, ವಿದ್ಯುತ್ ಬಿಲ್ಲಿನ ಹಣ ಕಡಿಮೆಯಿರುವ ಊರಿಗೆ ಸರಳ ಘಟಕವನ್ನು ಚೆನ್ನಾಗಿ ನಡೆಸುವುದೇ ಹೆಚ್ಚು ಆಧುನಿಕ ನಿರ್ಧಾರ.

ಕೊಳೆಯನ್ನು ಬೇರೆ ಬೇರೆ ಇಡುವುದು ದುಬಾರಿ, ಎಲ್ಲವನ್ನೂ ಒಂದೇ ಕೊಳವೆಗೆ ಬಿಟ್ಟು ಕೊನೆಯಲ್ಲಿ ಒಂದು ದೊಡ್ಡ ಘಟಕ ಕಟ್ಟುವುದು ಅಗ್ಗ ಎಂಬ ವಾದವೂ ಇದೆ. ಕಟ್ಟುವ ದಿನದ ಖರ್ಚನ್ನಷ್ಟೇ ನೋಡಿದರೆ ಅದು ಸರಿಯೆನಿಸಬಹುದು. ಆದರೆ ಒಂದು ಕಾರ್ಖಾನೆಯ ಲೋಹದ ನೀರು ಇಡೀ ಊರಿನ ಕೊಳಚೆ ನೀರಿಗೆ ಬೆರೆತರೆ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಕೆಸರು ಗೊಬ್ಬರಕ್ಕೂ ಬಾರದ ಅಪಾಯಕಾರಿ ತ್ಯಾಜ್ಯವಾಗುತ್ತದೆ, ಕೆರೆ ತುಂಬುವ ನೀರಿನ ಮೇಲೆ ರೈತನ ನಂಬಿಕೆಯೂ ಹೋಗುತ್ತದೆ. ಬೆರೆಸುವುದಕ್ಕೆ ಒಂದು ಗಳಿಗೆ ಸಾಕು; ಬೆರೆತದ್ದನ್ನು ಬೇರ್ಪಡಿಸುವ ಖರ್ಚಿಗೆ ಕೊನೆಯಿಲ್ಲ.

ಆದ್ದರಿಂದ ಕೋಲಾರ, ಬಂಗಾರಪೇಟೆ, ಕೆಜಿಎಫ್‌ನ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ನಗರಸಭೆ, ಪುರಸಭೆ, ಪಂಚಾಯಿತಿಯ ಮುಂದೆ ಕೊಳಚೆ ನೀರಿನ ಯೋಜನೆ ಬಂದಾಗ ಯಂತ್ರದ ಹೆಸರು ಕೇಳಿ ಸುಮ್ಮನಾಗಬೇಡಿ. ಈ ನೀರಿನಲ್ಲಿ ಏನೇನಿದೆ, ಅದರಲ್ಲಿ ಜೀವಿಯಿಂದ ಒಡೆಯಲಾಗುವುದು ಯಾವುದು, ಒಡೆಯಲಾಗದ್ದು ಎಲ್ಲಿಗೆ ಹೋಗುತ್ತದೆ, ಹೊರಬಂದ ಕೆಸರನ್ನು ಯಾರು ಹೇಗೆ ಮುಟ್ಟುತ್ತಾರೆ, ಹರಿಯುವ ನೀರಿನ ಪರೀಕ್ಷೆಯ ಫಲಿತಾಂಶ ಪ್ರತಿ ತಿಂಗಳು ಯಾವ ಗೋಡೆಯ ಮೇಲೆ ಅಂಟಿಸುತ್ತೀರಿ ಎಂದು ಕೇಳಿ. ಈ ಐದಕ್ಕೂ ಲಿಖಿತ ಉತ್ತರ ಸಿಗದ ಯೋಜನೆಗೆ ಒಪ್ಪಿಗೆ ಕೊಡಬೇಡಿ.